ಕೆಂಪು ಗೀಟಿನ ಕೆಳಗಿದ್ದ ಮೂರು ಸಾಲು

ಹದಿನಾಲ್ಕನೆಯ ಮೂಟೆ ಬಿಚ್ಚುವ ಹೊತ್ತಿಗೆ ಚುಕ್ಕಿ ಮಾಸ್ತರರ ಹತ್ತೂ ಉಗುರು ಕಪ್ಪಾಗಿದ್ದವು. ಮುದ್ರಣಾಲಯದ ಹಿಂಬದಿಯ ಆ ಕೋಣೆಗೆ ಕಿಟಕಿಯಿರಲಿಲ್ಲ. ಸೂರಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಇಳಿದ ಮಧ್ಯಾಹ್ನದ ಬೆಳಕಿನಲ್ಲಿ ಕಾಗದದ ಧೂಳು ಏಳುತ್ತಲೇ ಇತ್ತು, ಕೂರುವ ಯೋಚನೆಯೇ ಇಲ್ಲದಂತೆ.

ದೇವರ ಮಾತು ಅಚ್ಚಾದ ಕಾಗದವನ್ನು ಕಸಕ್ಕೆ ಹಾಕುವಂತಿಲ್ಲ, ರದ್ದಿಗೆ ಕೊಡುವಂತಿಲ್ಲ. ಮಸಿ ಚೆಲ್ಲಿದ ಹಾಳೆ, ತಿದ್ದಿದ ಕರಡು, ಅಂಚು ಹರಿದ ಪುಟ ಎಲ್ಲವೂ ಮೂಟೆಯಾಗಿ ಈ ಕೋಣೆಗೆ ಬರುತ್ತವೆ. ಕೋಣೆ ತುಂಬಿದ ಮೇಲೆ ಕಬರಸ್ತಾನದ ಒಂದು ಮೂಲೆಯಲ್ಲಿ, ಮನುಷ್ಯರ ಹಾಗೆಯೇ, ಮಣ್ಣಿಗೆ ಹೋಗುತ್ತವೆ. ಮಾಸ್ತರರು ಹುಡುಕುತ್ತಿದ್ದದ್ದು ಅಂಥ ಒಂದು ಕರಡು ಹಾಳೆಯನ್ನು. ಮೂವತ್ತೆರಡು ವರ್ಷದ ಹಿಂದಿನದು. ಅದು ಶನಿವಾರ ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಕೈಗೆ ಸಿಗಬೇಕಿತ್ತು. ಸಿಗದಿದ್ದರೆ ಅವರ ಮಗಳು ಮುರಿದ ಕೈಯೊಂದಿಗೆ ಮುರಿದವನ ಮನೆಗೇ ವಾಪಸು ಹೋಗಬೇಕಾಗುತ್ತಿತ್ತು. ಇವತ್ತಾಗಲೇ ಗುರುವಾರ.

"ಏನು ಮಾಸ್ತರೇ, ಎರಡು ದಿನದಿಂದ ಇಲಿ ಥರ ಇಲ್ಲೇ ಸೇರ್ಕೊಂಡಿದೀರಿ," ಎನ್ನುತ್ತ ಸರೇಸಜ್ಜ ಬಾಗಿಲಲ್ಲಿ ನಿಂತ. ಪುಸ್ತಕಕ್ಕೆ ಹೊದಿಕೆ ಅಂಟಿಸುವ ಮುದುಕ. ನಲವತ್ತೈದು ವರ್ಷ ಸರೇಸಿನ ಅಂಟಿನಲ್ಲೇ ಅದ್ದಿ ಅದ್ದಿ ಅವನ ಬೆರಳುಗಳು ಸದಾ ಅರ್ಧ ಮಡಚಿಕೊಂಡಿರುತ್ತಿದ್ದವು. "ಯಾವುದಾದ್ರೂ ಚುಕ್ಕಿ ಬಿದ್ದೋಯ್ತಾ?"

ಅವನು ತಮಾಷೆಗೆ ಕೇಳಿದ್ದು. ಅಚ್ಚಿಗೆ ಹೋಗುವ ಮುಂಚೆ ಪ್ರತಿ ಪುಟದ ಪ್ರತಿ ಅಕ್ಷರ, ಅಕ್ಷರದ ಮೇಲಿನ ಕೆಳಗಿನ ಪ್ರತಿ ಚುಕ್ಕಿ ಸರಿಯಿದೆಯೇ ಎಂದು ನೋಡುವುದು ಮಾಸ್ತರರ ಕೆಲಸ. ಒಮ್ಮೆ ನೊಣ ಕೂತೆದ್ದು ಹೋದ ಗುರುತಿಗೂ ಕೆಂಪು ಸುತ್ತು ಹಾಕಿ 'ಹೆಚ್ಚುವರಿ ಚುಕ್ಕಿ, ತೆಗೆಯಿರಿ' ಎಂದು ಬರೆದವರು ಅವರು. ಅಂದಿನಿಂದ ಅವರ ನಿಜ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟು ಬೇರೆಲ್ಲೂ ಉಳಿದಿರಲಿಲ್ಲ.

"ಅಜ್ಜಾ, ನಮ್ಮ ಅಬ್ಬಾನ ಪುಸ್ತಕ ಮೊದಲನೇ ಸಲ ಅಚ್ಚಾಯ್ತಲ್ಲ, ಆ ವರ್ಷದ ಮೂಟೆ ಯಾವ ಕಡೆ ಇಟ್ಟಿದ್ದಾರೆ?"

ಮುದುಕ ಅವರನ್ನೇ ನೋಡಿದ. "ಆ ವರ್ಷದ್ದಾ? ಅದು ಇಲ್ಲೆಲ್ಲಿರುತ್ತೆ ಮಾಸ್ತರೇ! ಪುಸ್ತಕ ಹೊರಗೆ ಬಂದು, ನಿಮ್ಮ ಅಬ್ಬಾ ಹೋಗಿ, ನಲವತ್ತು ದಿನದೊಳಗೆ ಅದನ್ನೆಲ್ಲ ಮಣ್ಣು ಮಾಡಲಿಲ್ವಾ? ಪೂರ್ವದ ಗೋಡೆ ಪಕ್ಕ. ಪುಣ್ಯ ಬರುತ್ತೆ ಅಂತ ನೀವೇ ತಾನೆ ಹೊತ್ಕೊಂಡು ಹೋಗಿದ್ದು."

ಮಾಸ್ತರರು ಮೂಟೆಯ ಮೇಲೆಯೇ ಕುಳಿತುಬಿಟ್ಟರು. ಕುಳಿತ ಮೇಲೆ, ಛೆ, ಕೆಳಗಿರುವುದು ದೇವರ ಮಾತು ಎಂದು ನೆನಪಾಗಿ ತಟ್ಟನೆ ಎದ್ದರು. ಹೌದು, ಹೊತ್ತಿದ್ದು ಅವರೇ. ಎಡ ಭುಜ ಎರಡು ದಿನ ಬಾತುಕೊಂಡಿತ್ತು. ಮನುಷ್ಯನ ನೆನಪು ಎಂಥ ಚಾಲಾಕಿನದು! ಭುಜದ ನೋವನ್ನು ಜೋಪಾನವಾಗಿಟ್ಟು, ಹೊತ್ತ ಹೊರೆಯನ್ನು ಕೈಬಿಟ್ಟಿತ್ತು.

*

ಮಗಳು ಬಂದಿದ್ದು ಹಿಂದಿನ ವಾರ, ಬೆಳಗಿನ ಹತ್ತು ಗಂಟೆಗೆ. ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರ್. ಎಡಗೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಪುಸ್ತಕ. ತಾಯಿಯಿಲ್ಲದ ಮನೆ. ಬಾಗಿಲು ತೆರೆದ ಅಪ್ಪನನ್ನು ದಾಟಿ ಒಳಗೆ ಹೋಗಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ಆಮೇಲೆ ನೀರು ಕುಡಿದಳು.

ಅದು ಅವಳ ಅಜ್ಜನ ಪುಸ್ತಕ. ಇಪ್ಪತ್ತು ವರ್ಷ ಕೂತು ಕುರ್‌ಆನನ್ನು ಆಡುಮಾತಿಗೆ ತಂದು, ಪ್ರತಿ ಸೂಕ್ತದ ಕೆಳಗೆ ವಿವರಣೆ ಬರೆದ ಮನುಷ್ಯ ಆತ. ಆ ಮನೆತನದಲ್ಲಿ ಹೆಣ್ಣುಮಕ್ಕಳ ಮದುವೆಗೆ ಬಂಗಾರಕ್ಕಿಂತ ಮೊದಲು ಈ ಪುಸ್ತಕ ಕೊಡುತ್ತಿದ್ದರು. ನಾಲ್ಕು ವರ್ಷದ ಹಿಂದೆ ಮಾಸ್ತರರೂ ಹಸಿರು ಬಟ್ಟೆಯಲ್ಲಿ ಸುತ್ತಿ ಮಗಳ ಕೈಗಿತ್ತು, "ಏನೇ ಅನುಮಾನ ಬಂದ್ರೂ ಇದನ್ನ ಕೇಳು" ಎಂದಿದ್ದರು.

ಅನುಮಾನ ಬಂದದ್ದು ಅವಳಿಗಲ್ಲ, ಅಳಿಯನಿಗೆ. ಔಷಧಿ ಅಂಗಡಿಯವನು. ಮಾತ್ರೆಗಳನ್ನು ತಾರೀಕಿನ ಪ್ರಕಾರ ಜೋಡಿಸುವ ಹಾಗೆಯೇ ಎಲ್ಲವನ್ನೂ ಕ್ರಮವಾಗಿ ಮಾಡುವವನು. ನಾಲ್ಕನೆಯ ಅಧ್ಯಾಯ, ಮೂವತ್ತನಾಲ್ಕನೆಯ ಸೂಕ್ತ. ಮಾತು ಕೇಳದ ಹೆಂಡತಿಗೆ ಮೊದಲು ಉಪದೇಶ, ಆಮೇಲೆ ಹಾಸಿಗೆ ಬೇರೆ, ಆಮೇಲೆ ಹೊಡೆತ. ಗಾಯವಾಗದಂತೆ, ಎಂದು ಅಜ್ಜನ ವಿವರಣೆ. ಅವನು ಸ್ಕೇಲು ಇಟ್ಟು ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು, ಒಂದು, ಎರಡು, ಮೂರು ಎಂದು ಅಂಕಿ ಹಾಕಿದ್ದ.

"ಅವರು ಕೂಗಾಡಲ್ಲ ಅಬ್ಬಾ," ಎಂದಿದ್ದಳು ಮಗಳು, ಬೇರೆ ಯಾರದೋ ಸಂಸಾರದ ಸುದ್ದಿ ಹೇಳುವ ಹಾಗೆ. "ಪುಸ್ತಕ ಮುಂದಿಟ್ಕೊಂಡು ಮೂರು ದಿನ ಉಪದೇಶ. ಆಮೇಲೆ ಒಂದು ವಾರ ಹೊರಗಿನ ಕೋಣೇಲಿ ಮಲಗ್ತಾರೆ. ಉಪದೇಶ ಶುರುವಾದ್ರೆ ಸಾಕು, ಏಟು ಯಾವ ದಿನಕ್ಕೆ ಅಂತ ನಂಗೆ ಗೊತ್ತಾಗ್ಬಿಡೋದು. ಈ ಸಲ ಹೇಳದೆ ಪಕ್ಕದ ಮನೆಗೆ ಹೋಗಿದ್ದೆ, ಅವರ ಮಗೂಗೆ ಜ್ವರ ಅಂತ. ಅದಕ್ಕೆ."

"ಗಾಯ ಮಾಡಬಾರದು ಅಂತ ಅದರಲ್ಲೇ ಇದೆಯಲ್ಲಮ್ಮ."

"ಹೊಡೀಬಹುದು ಅಂತ ಒಪ್ಕೊಂಡ ಮೇಲೆ ಕೈಗೇನು ಗೊತ್ತು ಅಬ್ಬಾ, ಎಲ್ಲಿ ನಿಲ್ಲಬೇಕು ಅಂತ?"

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಪುಟದ ಕೆಳಗಿನ ಖಾಲಿ ಜಾಗ ನೋಡಿದರು. ಎರಡು ಬೆರಳಗಲದ ಜಾಗ. ಪುಸ್ತಕ ಏಳು ಸಲ ಅಚ್ಚಾಗಿತ್ತು, ಲಕ್ಷಗಟ್ಟಲೆ ಪ್ರತಿ. ಆ ಜಾಗ ಯಾಕೆ ಖಾಲಿ ಎಂದು ಒಬ್ಬರೂ ಕೇಳಿರಲಿಲ್ಲ. ಅಲ್ಲಿ ಮೂರು ಸಾಲಿತ್ತು ಎಂಬುದು ಬದುಕಿರುವವರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು.

ಆಗ ಅವರಿಗೆ ಇಪ್ಪತ್ತಾರು. ಕೆಲಸಕ್ಕೆ ಸೇರಿ ಐದು ತಿಂಗಳು. ತಂದೆಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಕೊನೆಯ ಕರಡನ್ನು ಮಗನೇ ಮನೆಗೆ ತಂದು ತೋರಿಸಿದ್ದ. ತಂದೆ ಎಡಗೈಯಲ್ಲಿ, ಮಕ್ಕಳು ಗೀಚಿದ ಹಾಗೆ, ಆ ಸೂಕ್ತದ ಕೆಳಗೆ ಉಳಿದಿದ್ದ ಖಾಲಿ ಜಾಗದಲ್ಲಿ ಮೂರು ಸಾಲು ಸೇರಿಸಿದರು. ಒಂದು ಮಧ್ಯಾಹ್ನವೆಲ್ಲ ಹಿಡಿಯಿತು. ಮುದ್ರಣಾಲಯದ ನಿಯಮ ಖಡಾಖಂಡಿತ: ವಿದ್ವಾಂಸರ ಸಮಿತಿ ನೋಡಿ ಒಪ್ಪಿದ ಪ್ರತಿಯಲ್ಲಿ ಇಲ್ಲದ್ದನ್ನು ಕೊನೆಯ ಕರಡಿನಲ್ಲಿ ಸೇರಿಸುವಂತಿಲ್ಲ, ಬರೆದವನೇ ಬಂದರೂ. ಮಗ ಕೆಂಪು ಶಾಯಿಯಲ್ಲಿ ಆ ಮೂರು ಸಾಲಿನ ಮೇಲೆ ಗೀಟು ಎಳೆದ. 'ಒಪ್ಪಿದ ಪ್ರತಿಯಲ್ಲಿ ಇಲ್ಲ' ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿದ.

ನಿಯಮ ಎಂದುಕೊಂಡಿದ್ದು ನಿಜ. ಆದರೆ ಅದರ ಹಿಂದೆ ಹೆದರಿಕೆಯೂ ಇತ್ತು. ಅಬ್ಬಾ ಹಳೆಯ ವ್ಯಾಖ್ಯಾನಗಳನ್ನು ಅಲ್ಲಲ್ಲಿ ಬಿಟ್ಟಿದ್ದಾರೆಂದು ಸಮಿತಿಯಲ್ಲಿ ಆಗಲೇ ಗೊಣಗಾಟವಿತ್ತು. ಇನ್ನೊಂದು ಮಾತು ಸೇರಿದರೆ ಪುಸ್ತಕವೇ ನಿಂತುಹೋಗಬಹುದು, ತನ್ನ ಕೆಲಸವೂ. ಕಾಯಿಲೆಯವರ ಕೈ, ಏನೋ ಬರೆದಿದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಪುಸ್ತಕ ಬಂದ ದಿನ ತಂದೆಯ ಕಣ್ಣು ಪೂರ್ತಿ ಮಂಜಾಗಿತ್ತು. ಎದೆಯ ಮೇಲಿಟ್ಟ ಪುಸ್ತಕವನ್ನು ಸವರುತ್ತ, ತೊದಲುತ್ತ ಕೇಳಿದರು: "ಆ ಟಿಪ್ಪಣಿ ಬಂತೇನಪ್ಪ?"

"ಬಂತು, ಅಬ್ಬಾ."

ತಂದೆ ಕಣ್ಣು ಮುಚ್ಚಿ ಮುಗುಳ್ನಕ್ಕಿದ್ದರು. ಹನ್ನೊಂದನೆಯ ದಿನ ಹೋದರು. ಚುಕ್ಕಿ ಮಾಸ್ತರರ ಮೂವತ್ತೆರಡು ವರ್ಷದ ಕಟ್ಟುನಿಟ್ಟೆಲ್ಲ, ನೊಣದ ಗುರುತಿಗೂ ಹಾಕಿದ ಸುತ್ತೆಲ್ಲ, ಆ ನಗುವಿನಿಂದ ತಪ್ಪಿಸಿಕೊಂಡು ಓಡಿದ ಓಟ. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಾಗದ ಹಾಗೆ ನೋಡಿಕೊಂಡಿದ್ದರು ಎನ್ನಬೇಕು.

*

ಶುಕ್ರವಾರ ಬೆಳಿಗ್ಗೆ ಕಬರಸ್ತಾನದ ಗೋರಿ ತೋಡುವವನು ಗುದ್ದಲಿ ಹಿಡಿದು ನಕ್ಕ. "ಮನುಷ್ಯರನ್ನ ತೆಗೀರಿ ಅಂತ ಪೊಲೀಸ್ರು ಬರೋದು ನೋಡಿದೀನಿ. ಕಾಗದ ತೆಗೀರಿ ಅಂತ ಬಂದೋರು ನೀವೇ ಮೊದಲು, ಮಾಸ್ತರೇ."

"ಆಗುತ್ತಾ?"

"ತೋಡೋದಕ್ಕೇನು. ಸಿಗೋದು ಮೇಲಿನವನ ಇಷ್ಟ."

ಸೊಂಟದ ಆಳಕ್ಕೆ ತೋಡಿದಾಗ ಮಣ್ಣಿನ ಬಣ್ಣ ಬದಲಾಯಿತು. ಬೂದು ಬಣ್ಣದ, ಒದ್ದೆಯಾದ, ಪದರು ಪದರಾದ ಏನೋ ಬಂತು. ಮಾಸ್ತರರು ಹಳ್ಳಕ್ಕಿಳಿದು ಎರಡು ಕೈಯಲ್ಲೂ ಎತ್ತಿಕೊಂಡರು. ಬೆರಳಿನ ನಡುವೆ ಹಿಟ್ಟಿನಂತೆ ಜಾರಿತು. ಬಿಡಿಸಲು ಹೋದರೆ ಪುಟವಿಲ್ಲ. ಅಕ್ಷರವಿಲ್ಲ, ಚುಕ್ಕಿಯಿಲ್ಲ, ಕೆಂಪು ಗೀಟೂ ಇಲ್ಲ. ಒಂದು ಬೇರು ಅದರೊಳಗೆಲ್ಲ ಹಬ್ಬಿ ಸೊಂಪಾಗಿ ಬೆಳೆದಿತ್ತು. ಆದರೂ ಬಿಡದೆ ಇನ್ನೊಂದು ಹಿಡಿ, ಮತ್ತೊಂದು ಹಿಡಿ ಎತ್ತಿ ಬಿಸಿಲಿಗೆ ಹಿಡಿದು, ಕಣ್ಣಿನ ಹತ್ತಿರ ತಂದು ನೋಡುತ್ತಿದ್ದರು, ಕರಡು ನೋಡುವ ಹಾಗೆಯೇ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ.

"ಸಾಕು ಹತ್ತಿ ಮಾಸ್ತರೇ," ಎಂದು ಗೋರಿ ತೋಡುವವನು ಕೈ ಕೊಟ್ಟ. ಈಗ ಅವನು ನಗುತ್ತಿರಲಿಲ್ಲ. "ಮೂವತ್ತು ವರ್ಷಕ್ಕೆ ಮೂಳೇನೇ ನಿಲ್ಲಲ್ಲ, ಕಾಗದ ನಿಲ್ಲುತ್ತಾ?"

ಆ ಮಧ್ಯಾಹ್ನ ಜುಮಾ ನಮಾಜಿನಲ್ಲಿ ಹಣೆ ನೆಲಕ್ಕಿಟ್ಟಾಗ ಮಾಸ್ತರರು ಬೇಡಿದ್ದು ಒಂದೇ: ಆ ಮೂರು ಸಾಲು ನೆನಪಿಗೆ ಬರಲಿ. ಎರಡು ಬಂದವು, ಅಬ್ಬಾನ ಎಡಗೈ ಬರಹದ ಸೊಟ್ಟ ಸಮೇತ. 'ಈ ಮಾತು ಯಾರ ಮೇಲೆ ಇಳಿಯಿತೋ ಆ ಪ್ರವಾದಿಯವರು ಬದುಕಿನಲ್ಲಿ ಒಮ್ಮೆಯೂ ಹೆಂಗಸಿನ ಮೇಲೆ ಕೈ ಎತ್ತಲಿಲ್ಲ. ಅವರ ನಡೆಯನ್ನು ಬದಿಗಿಟ್ಟು ಮಾತನ್ನಷ್ಟೇ ಹಿಡಿದವನು ಪುಟದ ಅರ್ಧವನ್ನು ಮುಚ್ಚಿಕೊಂಡು ಓದುತ್ತಿದ್ದಾನೆ.' ಮೂರನೆಯದು ಬರಲಿಲ್ಲ. ಎಷ್ಟು ಕರೆದರೂ ಬರಲಿಲ್ಲ. ಅದರ ಉದ್ದ ನೆನಪಿತ್ತು, ಕೊನೆಯಲ್ಲಿ ಪೆನ್ನು ಹಾಳೆಗೆ ಚುಚ್ಚಿಕೊಂಡು ಆಗಿದ್ದ ಸಣ್ಣ ತೂತು ನೆನಪಿತ್ತು. ಮಾತು ಮಾತ್ರ ಇಲ್ಲ.

*

ಅದೇ ಅಧ್ಯಾಯದ ಮುಂದಿನ ಸೂಕ್ತ ಹೇಳುತ್ತದೆ: ಗಂಡ ಹೆಂಡಿರ ನಡುವೆ ಒಡಕು ಬಂದರೆ ಅವನ ಕಡೆಯಿಂದೊಬ್ಬ, ಅವಳ ಕಡೆಯಿಂದೊಬ್ಬ ಮಧ್ಯಸ್ಥರನ್ನು ಕೂರಿಸಿ. ಶನಿವಾರ ಸಂಜೆ ಮಾಸ್ತರರ ಮನೆಯ ಹೊರಕೋಣೆಯಲ್ಲಿ ಹಾಗೆಯೇ ಕೂತರು. ಅವನ ಕಡೆಯಿಂದ ಅವನ ದೊಡ್ಡಪ್ಪ, ಮದರಸಾದಲ್ಲಿ ಪಾಠ ಹೇಳುವ ಗುರುಗಳು. ಅವಳ ಕಡೆಯಿಂದ, ಬೇರೆ ಗಂಡಸರಿಲ್ಲದ ಕಾರಣ, ಅಪ್ಪನೇ. ಸಾಕ್ಷಿಗೆ ಮಸೀದಿ ಕಮಿಟಿಯ ಅಧ್ಯಕ್ಷರು. ಬಾಗಿಲ ಬಳಿಯ ಕುರ್ಚಿಯಲ್ಲಿ ಅಳಿಯ, ಅಂಗಿಯ ಗುಂಡಿಯನ್ನೆಲ್ಲ ಹಾಕಿಕೊಂಡು. ಮಗಳು ಪರದೆಯ ಹಿಂದೆ.

ಗುರುಗಳು ಕೆಟ್ಟವರಲ್ಲ. ಮಾತು ಮೆತ್ತಗೆ, ನಡೆ ಮೆತ್ತಗೆ. "ನಾನು ಸುತ್ತಿ ಬಳಸಿ ಮಾತಾಡಲ್ಲ ಮಾಸ್ತರೇ. ನಮ್ಮ ಹುಡುಗ ಮಿತಿ ಮೀರಿದ. ತಪ್ಪು. ಗಾಯ ಆಗಬಾರದು ಅಂತ ನಿಮ್ಮ ತಂದೆಯವರೇ ಬರ್ದಿದ್ದಾರೆ. ಅವನು ಕ್ಷಮೆ ಕೇಳ್ತಾನೆ, ಬರೆದೂ ಕೊಡ್ತಾನೆ. ಮಗಳನ್ನ ಕಳಿಸಿಕೊಡಿ."

"ಮಿತಿ ಮೀರದೆ ಹೊಡೆದ್ರೆ?"

"ಅದು ಪುಸ್ತಕದಲ್ಲಿ ಇರೋದು. ನಿಮ್ಮ ಮನೆ ಪುಸ್ತಕ."

"ಪುಸ್ತಕ ಪೂರ್ತಿ ಇಲ್ಲ," ಎಂದರು ಮಾಸ್ತರರು. ಆಮೇಲೆ ಎಲ್ಲವನ್ನೂ ಹೇಳಿದರು. ಲಕ್ವ, ಎಡಗೈ, ಮೂರು ಸಾಲು, ಕೆಂಪು ಗೀಟು. ನೆನಪಿದ್ದ ಎರಡು ಸಾಲನ್ನು ಕಣ್ಣು ಮುಚ್ಚಿಕೊಂಡು ಒಪ್ಪಿಸಿದರು.

ಪರದೆ ಅಲುಗಲಿಲ್ಲ.

"ಕಾಗದ ಎಲ್ಲಿ?" ಎಂದರು ಅಧ್ಯಕ್ಷರು.

"ಮಣ್ಣಾಗಿದೆ. ನಿನ್ನೆ ತೋಡಿ ನೋಡಿದೆ."

"ಕಬರಸ್ತಾನದಲ್ಲಿ ತೋಡಿದ್ರಾ!"

ಗುರುಗಳು ಕೈಯೆತ್ತಿ ಅಧ್ಯಕ್ಷರನ್ನು ಸುಮ್ಮನಾಗಿಸಿದರು. "ಮಾಸ್ತರೇ, ಮಗಳು ಅಂದ್ರೆ ಯಾರಿಗಾದ್ರೂ ಕರುಳು ಚುರುಕ್ ಅನ್ನುತ್ತೆ. ಆದ್ರೆ ತೀರಿಹೋದ ತಂದೆ ಬಾಯಿಗೆ ಮಾತು ತುರುಕಬೇಡಿ. ನೊಣದ ಗುರುತನ್ನೂ ಬಿಡದವರು ನೀವು. ತಂದೆಯ ಮೂರು ಸಾಲು ತೆಗೆದುಹಾಕಿದೆ ಅಂದ್ರೆ ಯಾರು ನಂಬ್ತಾರೆ?"

"ನನ್ನನ್ನ ನಂಬಬೇಡಿ. ಆ ಮೊದಲ ಸಾಲು ನಿಮಗೆ ಗೊತ್ತಿಲ್ವಾ? ಪ್ರವಾದಿಯವರು ಕೈ ಎತ್ತಲಿಲ್ಲ ಅನ್ನೋದು?"

"ಗೊತ್ತು. ಪ್ರತಿ ವರ್ಷ ಮಕ್ಕಳಿಗೆ ಹೇಳ್ಕೊಡ್ತೀನಿ."

"ಇವನಿಗೆ ಹೇಳ್ಕೊಟ್ಟಿದ್ರಾ?"

ಅಳಿಯ ತಲೆ ಎತ್ತಿ ದೊಡ್ಡಪ್ಪನ ಮುಖ ನೋಡಿದ. ಗುರುಗಳು ಗಡ್ಡ ಸವರಿಕೊಂಡರು. "ಅದು ಅವರ ದೊಡ್ಡತನ, ಮಾಸ್ತರೇ. ಇದು ನಮ್ಮಂಥ ಸಾಮಾನ್ಯರಿಗೆ ಕೊಟ್ಟ ಅನುಮತಿ. ಎರಡನ್ನೂ ಬೆರೆಸೋಕೆ ನಾವ್ಯಾರು? ನಮ್ಮ ಹಿರಿಯರು ಹೀಗೇ ಓದ್ಕೊಂಡು ಬಂದ್ರು."

"ಹಿರಿಯರಲ್ಲಿ ಒಬ್ಬರು ಹೀಗೆ ಓದಲಿಲ್ಲ. ನಾನು ಅವರ ಬಾಯಿ ಮುಚ್ಚಿಸಿದೆ. ಅದನ್ನೇ ತಾನೆ ಹೇಳ್ತಿರೋದು!" ಮಾಸ್ತರರ ಧ್ವನಿ ಆ ಮನೆಯಲ್ಲಿ ಅಷ್ಟು ಜೋರಾಗಿ ಎಂದೂ ಕೇಳಿರಲಿಲ್ಲ. ಹೊರಗೆ ದಾರಿಯಲ್ಲಿ ಹೋಗುತ್ತಿದ್ದ ಯಾರೋ ನಿಂತರು.

"ಮಾವ," ಎಂದ ಅಳಿಯ, ತಗ್ಗಿದ ದನಿಯಲ್ಲಿ. "ಆ ಸಾಲು ಇದ್ದಿದ್ರೆ ನಾನು ಅದನ್ನೂ ಪಾಲಿಸ್ತಿದ್ದೆ. ಇರಲಿಲ್ಲ. ನಾನೇನು ಮಾಡ್ಲಿ?"

ಅವನು ಅದನ್ನು ಪ್ರಾಮಾಣಿಕವಾಗಿಯೇ ಹೇಳಿದಂತಿತ್ತು. ಮಾಸ್ತರರಿಗೆ ಅದಕ್ಕಿಂತ ಭಯ ಹುಟ್ಟಿಸುವ ಮಾತು ಆವತ್ತು ಬೇರೆ ಕೇಳಿಸಲಿಲ್ಲ.

"ನಾನು ಒಪ್ಪಲ್ಲ," ಎಂದರು. "ಕಳಿಸಲ್ಲ."

ಅಧ್ಯಕ್ಷರು ಟೋಪಿ ಸರಿಮಾಡಿಕೊಂಡು ಎದ್ದರು. "ನೋಡಿ ಮಾಸ್ತರೇ. ನೀವು ಹೇಳಿದ್ದು ಸುಳ್ಳಾದ್ರೆ, ಸುಳ್ಳು ಹೇಳಿದವರು ಮಧ್ಯಸ್ಥರಾಗೋ ಹಾಗಿಲ್ಲ. ನಿಜ ಆದ್ರೆ, ಅಂಥ ಪುಸ್ತಕಕ್ಕೆ ಕೈ ಹಾಕಿದವರು ಮೊದಲೇ ಆಗೋ ಹಾಗಿಲ್ಲ. ಮುದ್ರಣಾಲಯಕ್ಕೂ ನಾನು ತಿಳಿಸಲೇಬೇಕು. ಮುಂದಿನ ಶನಿವಾರ ನಿಮ್ಮ ಹುಡುಗಿ ಕಡೆಯಿಂದ ಕಮಿಟಿಯವರೇ ಒಬ್ಬರು ಕೂರ್ತಾರೆ. ಆ ತೀರ್ಮಾನಕ್ಕೆ ನೀವು ಅಡ್ಡ ಬರಬೇಡಿ."

ಚಪ್ಪಲಿ ಮೆಟ್ಟಿಕೊಳ್ಳುವ ಸದ್ದು, ಗೇಟಿನ ಸದ್ದು. ಗುರುಗಳು ಹೋಗುವಾಗ ಮಾಸ್ತರರ ಭುಜ ಒಮ್ಮೆ ಮುಟ್ಟಿದರು.

*

ಅಡುಗೆಮನೆಯಲ್ಲಿ ಮಗಳು ಎಡಗೈಯಲ್ಲಿ ಕುಡಿಯುವ ನೀರಿನ ಪಾತ್ರೆ ತುಂಬುತ್ತಿದ್ದಳು. ಪಾತ್ರೆ ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸಿರಲಿಲ್ಲ. ಮಾಸ್ತರರು ಬಂದು ನಲ್ಲಿ ತಿರುಗಿಸಿದರು.

"ಅಬ್ಬಾ, ಒಂದು ಕೇಳ್ತೀನಿ. ನಿಜ ಹೇಳ್ಬೇಕು."

"ಕೇಳಮ್ಮ."

"ಮದುವೆ ದಿನ ಹಸಿರು ಬಟ್ಟೇಲಿ ಸುತ್ತಿ ಕೊಟ್ರಲ್ಲ. ಆಗ ಆ ಸಾಲು ನೆನಪಿತ್ತಾ?"

ನಲ್ಲಿಯಿಂದ ಉಳಿದ ಹನಿಗಳು ಬೀಳುತ್ತಿದ್ದವು. ಇಲ್ಲ ಎನ್ನಬಹುದಿತ್ತು. ಒಮ್ಮೆ ಇಂಥದೇ ಪ್ರಶ್ನೆಗೆ ಒಂದೇ ಮಾತಿನಲ್ಲಿ ತಂದೆಯನ್ನು ನಗಿಸಿ ಕಳಿಸಿದ್ದರು.

"ಇತ್ತು."

ಅವಳು ತಲೆಯಾಡಿಸಿದಳು. ಅಳಲಿಲ್ಲ. ಒಳಗೆ ಹೋಗಿ ಪುಸ್ತಕ ತಂದು ಅಡುಗೆ ಕಟ್ಟೆಯ ಒಣ ಜಾಗದಲ್ಲಿ ಬಿಡಿಸಿದಳು. ಪೆನ್ಸಿಲಿನ ಅಡಿಗೆರೆ, ಒಂದು, ಎರಡು, ಮೂರು. ಕೆಳಗೆ ಎರಡು ಬೆರಳಗಲದ ಬಿಳಿ.

"ಬರೀರಿ."

ಮಾಸ್ತರರ ಜೇಬಿನಲ್ಲಿ ಇರುವುದೇ ಕೆಂಪು ಪೆನ್ನು. ಅದರಲ್ಲೇ ಎರಡು ಸಾಲು ಬರೆದರು. ಪೆನ್ನು ನಿಂತಿತು.

"ಮೂರು ಅಂದ್ರಿ."

"ಮೂರನೇದು ನೆನಪಿಲ್ಲ."

"ಹಾಗಾದ್ರೆ ನೀವೇ ಬರೀರಿ."

"ನಾನಾ? ಅಬ್ಬಾನ ಪುಸ್ತಕದಲ್ಲಿ? ನನಗೆ ಏನಮ್ಮ ಹಕ್ಕು..."

"ಗೀಟು ಎಳೆಯೋಕೆ ಯಾರು ಕೊಟ್ಟಿದ್ರು ಹಕ್ಕು?"

ಮೂವತ್ತೆರಡು ವರ್ಷ ಬೇರೆಯವರ ಸಾಲುಗಳನ್ನು ಕಾದ ಕೈ ಅದು. ತನ್ನದೊಂದು ಸಾಲನ್ನು ಎಲ್ಲಿಯೂ ಬರೆದಿರಲಿಲ್ಲ. ಪೆನ್ನಿನ ಮೊನೆ ಹಾಳೆಗೆ ತಾಗಿ ಒಂದು ಕೆಂಪು ಚುಕ್ಕಿ ಹರಡತೊಡಗಿತು. ಅದನ್ನು ನೋಡುತ್ತ ನೋಡುತ್ತ ಬರೆದರು: 'ಮೇಲಿನ ಎರಡು ಸಾಲನ್ನು ಇಷ್ಟು ವರ್ಷ ಮುಚ್ಚಿಟ್ಟವನು ನಾನು. ಅದರಿಂದ ನನ್ನ ಮಗಳ ಕೈ ಮುರಿಯಿತು.' ಕೆಳಗೆ ಸಹಿ ಹಾಕಿದರು, ಚುಕ್ಕಿ ಮಾಸ್ತರ ಎಂದಲ್ಲ, ತಂದೆಯಿಟ್ಟ ಹೆಸರಿನಲ್ಲಿ.

ಮಗಳು ಬಗ್ಗಿ ಓದಿದಳು. ಎರಡು ಸಲ ಓದಿದಳು.

"ಕೈ ಅಲ್ಲ. ಬಲಗೈ," ಎಂದಳು. "ಸರಿಯಾಗಿ ಬರೀರಿ."

ಮಾಸ್ತರರು ಆ ಪದದ ಮುಂದೆ, ಸಾವಿರಾರು ಪುಟಗಳಲ್ಲಿ ಹಾಕಿ ರೂಢಿಯಾದ, ಬಿಟ್ಟುಹೋದದ್ದನ್ನು ಸೇರಿಸುವ ಗುರುತು ಹಾಕಿದರು. ಅದು ಸೊಟ್ಟಗಾಯಿತು, ಎಡಗೈಯಲ್ಲಿ ಹಾಕಿದ ಹಾಗೆ. ಶಾಯಿ ಆರುವ ತನಕ ಅವಳು ಕಾದಳು. ಆಮೇಲೆ ಪುಸ್ತಕವನ್ನು ಎಡ ಕಂಕುಳಲ್ಲಿ ಇರುಕಿಕೊಂಡು ತನ್ನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಮಾಸ್ತರರು ಅಲ್ಲೇ ನಿಂತಿದ್ದರು. ಮುಂದಿನ ಶನಿವಾರಕ್ಕೆ ಏಳು ದಿನ. ಪಾತ್ರೆಯಿಂದ ಹರಿದ ನೀರು ಕಟ್ಟೆಯ ಅಂಚಿನಿಂದ ಅವರ ಪಾದದ ಮೇಲೆ ಬೀಳುತ್ತಿತ್ತು. ಒರೆಸಬೇಕು ಅನ್ನಿಸಲಿಲ್ಲ.